ಆಟಕ್ಕೆ ಹೋಗು ಅಂದರೆ ಸಾಲದು, ಜೊತೆಗೆ ಹೋಗಿ

ಪ್ರತಿ ತಿಂಗಳೂ ಬರುವ ಪತ್ರಗಳಲ್ಲಿ ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಒಂದೇ. ಮಾತ್ರೆ ಬಿಡಿಸಿ ಆಟಕ್ಕೆ ಹಾಕಿದರೆ ಖಿನ್ನತೆ ಹೋಗುತ್ತಾ? ಖಿನ್ನತೆ ಅಂದರೇನು ಎಂದು ಮತ್ತೆ ವಿವರಿಸುತ್ತಾ ಕೂರುವುದಿಲ್ಲ. ಅದು ಕಾಯಿಲೆ ಎಂದು ಒಪ್ಪಿಕೊಂಡವರು ಮುಂದೆ ಓದಿ.

ಪ್ರಶ್ನೆ: ನಮ್ಮ ಮಗನಿಗೆ 24 ವರ್ಷ. ಕಾಲೇಜು ತಂಡದಲ್ಲಿ ವಾಲಿಬಾಲ್ ಆಡುತ್ತಿದ್ದ. ಕೆಲವು ತಿಂಗಳಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾನೆ. ಈಗ ಪರವಾಗಿಲ್ಲ, ಆದರೆ ರೂಮು ಬಿಟ್ಟು ಹೊರಗೆ ಬರುವುದಿಲ್ಲ. ಮಾತ್ರೆ ನಿಲ್ಲಿಸಿ ಆಟಕ್ಕೆ ಹಾಕಿ ಅಂತ ನೆಂಟರು ಹೇಳುತ್ತಾರೆ. ದಿನಾ ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತೇವೆ, ದಿನಾ ಜಗಳ. ಏನು ಮಾಡಲಿ?

ಮೊದಲು ಮಾತ್ರೆ ವಿಷಯ. ನಿಲ್ಲಿಸಬೇಡಿ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಬೇಕಾಗುತ್ತದೆ. ದಿಢೀರನೆ ಬಿಟ್ಟರೆ ತಲೆ ಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು. ಕಾಯಿಲೆಯೂ ಮರುಕಳಿಸಬಹುದು. ಯಾವಾಗ ನಿಲ್ಲಿಸಬೇಕು, ಹೇಗೆ ಕಡಿಮೆ ಮಾಡಬೇಕು ಅನ್ನುವುದನ್ನು ಮಾತ್ರೆ ಬರೆದ ವೈದ್ಯರು ಹೇಳಬೇಕು. ನೆಂಟರಿಗೆ ಇಲ್ಲಿ ಕೆಲಸವಿಲ್ಲ.

ಆಟದಿಂದ ಉಪಯೋಗ ಇದೆಯಾ? ಖಂಡಿತ ಇದೆ. ನಾನೇ ಎಷ್ಟೋ ಜನರನ್ನು ಮೈದಾನಕ್ಕೆ ಕಳಿಸಿದ್ದೇನೆ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಅರ್ಧ ಸತ್ಯ ನನಗೆ ಕೋಪ ತರಿಸುತ್ತದೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಹೊರಬಂತು. ಖಿನ್ನತೆ ಇದ್ದ, 50 ದಾಟಿದ 156 ಜನ ಅದರಲ್ಲಿದ್ದರು. ಕೆಲವರಿಗೆ ಸರ್ಟ್ರಲೀನ್ ಮಾತ್ರೆ, ಕೆಲವರಿಗೆ ವ್ಯಾಯಾಮ, ಉಳಿದವರಿಗೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪು ಹೆಚ್ಚು ಕಡಿಮೆ ಒಂದೇ ಸಮ ಸುಧಾರಿಸಿತ್ತು. ಮಾತ್ರೆ ಬೇಡ ಅನ್ನುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಆ ವ್ಯಾಯಾಮ ಹೇಗಿತ್ತು ಅನ್ನುವುದನ್ನು ಹೇಳುವುದಿಲ್ಲ. ವಾರಕ್ಕೆ ಮೂರು ಸಲ, ಗುಂಪಿನಲ್ಲಿ, ನೋಡಿಕೊಳ್ಳುವವರ ಕಣ್ಣೆದುರಲ್ಲೇ ನಡೆಯುತ್ತಿತ್ತು.

2012ರಲ್ಲಿ ಬ್ರಿಟನ್‌ನ ಇನ್ನೊಂದು ಅಧ್ಯಯನ ಬಂತು. 361 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಭೇಟಿಯಲ್ಲಿ, ಫೋನಿನಲ್ಲಿ "ಚಟುವಟಿಕೆ ಜಾಸ್ತಿ ಮಾಡಿ" ಎಂದು ಹುರಿದುಂಬಿಸಿದರು. ಓಡಾಟವೇನೋ ಹೆಚ್ಚಾಯಿತು. ಖಿನ್ನತೆ ಮಾತ್ರ ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಕ್ಲಿನಿಕ್‌ನಲ್ಲಿ ನಾನು ಕಾಣುವುದನ್ನೂ ಸೇರಿಸಿದಾಗ, ನನಗೆ ಅನ್ನಿಸುವುದು ಇಷ್ಟು: ದೂರದಿಂದ ಹೇಳಿದರೆ ಸಾಲದು, ಜೊತೆಗೆ ಯಾರಾದರೂ ಇರಬೇಕು.

ಈಗ ಬೆಳಿಗ್ಗೆ ಐದೂವರೆಯ ಜಗಳ. ಇದನ್ನು ಇವತ್ತೇ ನಿಲ್ಲಿಸಿ. ಖಿನ್ನತೆಯಲ್ಲಿ ಬಹಳ ಜನರಿಗೆ ಬೆಳಗಿನ ಹೊತ್ತೇ ಅತಿ ಕೆಟ್ಟದ್ದು. ಕಣ್ಣು ಬಿಟ್ಟ ತಕ್ಷಣ ಎದೆ ಮೇಲೆ ಭಾರ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ. ರಾತ್ರಿ ತಗೊಂಡ ಮಾತ್ರೆಯ ಮಂಪರು ಬೇರೆ. ಸಂಜೆ ಹೊತ್ತಿಗೆ ಸ್ವಲ್ಪ ಹಗುರಾಗುತ್ತಾರೆ. ಹಾಗಾಗಿ ಸಂಜೆ ಐದಕ್ಕೆ ಶುರು ಮಾಡಿ. ಮೊದಲ ಎರಡು ವಾರ ಮೈದಾನದ ಮಾತೇ ಬೇಡ. ಹತ್ತು ನಿಮಿಷ ನಡೆಯಲಿ, ಜೊತೆಗೆ ನೀವು ಹೋಗಿ. "ಈಗ ಹೇಗನ್ನಿಸ್ತಿದೆ?" ಅಂತ ದಾರಿಯುದ್ದಕ್ಕೂ ಕೇಳಬೇಡಿ. ಸುಮ್ನೆ ನಡೆಯಿರಿ. ಹಾಲು ತರೋದೋ, ತರಕಾರಿ ತರೋದೋ ನೆಪ ಇದ್ದರೆ ಇನ್ನೂ ಒಳ್ಳೆಯದು.

"ಅವನಿಗೆ ಮನಸ್ಸು ಬಂದ ಮೇಲೆ ಹೋಗಲಿ ಬಿಡಿ" ಅನ್ನುವವರೂ ಇದ್ದಾರೆ. ಅದೂ ಆಗದ ಮಾತು. ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಅದಕ್ಕೇ ಕೆಲಸ ಚಿಕ್ಕದಾಗಿರಬೇಕು, ಹೊತ್ತು ಗೊತ್ತಿರಬೇಕು.

ಮೂರನೇ ವಾರದಿಂದ ಮೈದಾನ. ಇಲ್ಲಿ ಜನ ತಪ್ಪುವುದು ಒಂದೇ ಕಡೆ. ಹಳೇ ಆಟಗಾರನನ್ನು ನೇರ ಆರು ಜನರ ಮಧ್ಯೆ ನಿಲ್ಲಿಸಿಬಿಡುತ್ತಾರೆ. ಒಂದು ಕಾಲಕ್ಕೆ ಶೂಟರ್ ಆಗಿದ್ದವನು ಈಗ ಎರಡು ಸರ್ವಿಸ್ ನೆಟ್‌ಗೆ ಹೊಡೆಯುತ್ತಾನೆ. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂದು ಒಳಗೆ ಕೂತ ಮಾತಿಗೆ ಅಲ್ಲೇ ಸಾಕ್ಷಿ ಸಿಕ್ಕಿತು. ನಾಳೆ ಅವನು ಬರುವುದಿಲ್ಲ. ನಾನು ಮನೆಯವರಿಗೆ ಹೇಳುವುದೇ ಬೇರೆ. ಅವನ ಹಳೇ ಗೆಳೆಯನೊಬ್ಬನನ್ನು ಹಿಡಿಯಿರಿ. ಆ ಗೆಳೆಯ ಫೋನ್ ಮಾಡಿ, "ಆಡೋದು ಬೇಡ ಕಣೋ, ನೆಟ್ ಕಟ್ಟೋಕೆ ಒಬ್ಬ ಬೇಕು, ಬಾ" ಅನ್ನಲಿ. ನೆಟ್ಟಿನ ಒಂದು ತುದಿ ಹಿಡಿದು ಹಗ್ಗ ಬಿಗಿಯುವುದು ಯಾರಿಂದಲೂ ಆಗುತ್ತದೆ. ಆಮೇಲೆ ಪಾಯಿಂಟ್ ಲೆಕ್ಕ ಇಡಲಿ, ಆಚೆ ಹೋದ ಬಾಲ್ ಎತ್ತಿ ಕೊಡಲಿ. ಯಾವತ್ತೋ ಒಂದು ಸಂಜೆ ಆರನೆಯವನು ಬರುವುದಿಲ್ಲ, ಇವನು ಚಪ್ಪಲಿ ಬಿಟ್ಟು ಒಳಗೆ ಇಳಿಯುತ್ತಾನೆ. ಆ ದಿನವನ್ನು ನೀವು ಗೊತ್ತು ಮಾಡಬೇಡಿ.

ಒಬ್ಬನೇ ಟ್ರೆಡ್‌ಮಿಲ್ ಮೇಲೆ ಓಡುವುದಕ್ಕಿಂತ ತಂಡದ ಆಟವನ್ನು ನಾನು ಇಷ್ಟಪಡುವುದು ಇದಕ್ಕೇ. ಬರದಿದ್ದರೆ ಯಾರೋ ಕೇಳುತ್ತಾರೆ. "ಎಂಡಾರ್ಫಿನ್ ಉಕ್ಕುತ್ತೆ, ಖಿನ್ನತೆ ಓಡಿಹೋಗುತ್ತೆ" ಎಂದು ಪ್ಯಾಕೇಜ್ ಮಾರುವ ಜಿಮ್ ಟ್ರೇನರ್‌ಗಳ ಮಾತು ನಂಬಬೇಡಿ. ಎಂಡಾರ್ಫಿನ್ ಅಂದರೆ ದೇಹದಲ್ಲೇ ಹುಟ್ಟುವ, ನೋವು ತಗ್ಗಿಸುವ ರಾಸಾಯನಿಕ. ರಕ್ತದಲ್ಲಿ ಓಡಾಡುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ನುಗ್ಗುವುದೇ ಇಲ್ಲ. "ಇದೆಲ್ಲ ಮನಸ್ಸಿನ ದೌರ್ಬಲ್ಯ, ಬೆವರು ಸುರಿಸು" ಅನ್ನುವ ಟ್ರೇನರ್ ಹತ್ತಿರ ನಿಮ್ಮ ಮಗನನ್ನು ಒಂದು ದಿನವೂ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಆಟ ನೋವನ್ನು ಮರೆಸಬಹುದು, ಆದರೆ ಆಟ ನಿಂತ ದಿನ? ನಮ್ಮ ಕರ್ನಾಟಕದ ರಾಬಿನ್ ಉತ್ತಪ್ಪ 2007ರ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ತಮಗೆ ಆತ್ಮಹತ್ಯೆಯ ಯೋಚನೆಗಳು ಬರುತ್ತಿದ್ದವು ಎಂದು ಅವರೇ 2020ರಲ್ಲಿ ಹೇಳಿಕೊಂಡರು. ಕ್ರಿಕೆಟ್ ಆ ಯೋಚನೆಗಳನ್ನು ದೂರ ಇಡುತ್ತಿತ್ತು, ಮ್ಯಾಚ್ ಇಲ್ಲದ ದಿನ ಮತ್ತು ಸೀಸನ್ ಮುಗಿದ ಮೇಲೆ ತುಂಬಾ ಕಷ್ಟವಾಗುತ್ತಿತ್ತು ಎಂದರು. ಭಾರತ ತಂಡಕ್ಕೆ ಆಡಿದವರಿಗೇ ಆಟವೊಂದೇ ಸಾಲಲಿಲ್ಲ. ಅವರೂ ಹೊರಗಿನ ಸಹಾಯ ಪಡೆದೇ ಚೇತರಿಸಿಕೊಂಡರು. ನಿಮ್ಮ ಮಗನ ವಿಷಯದಲ್ಲೂ ಮಳೆಗಾಲ, ಕಾಲು ಉಳುಕಿದ ವಾರ, ತಂಡ ಚದುರಿದ ತಿಂಗಳು, ಇವುಗಳ ಮೇಲೆ ಕಣ್ಣಿಡಿ.

ಮೈಗೆ ಶಕ್ತಿ ಬಂದು, ಮನಸ್ಸು ಇನ್ನೂ ಕತ್ತಲಲ್ಲಿರುವ ಒಂದು ಹಂತ ಇದೆ. ಅದು ಅಪಾಯದ ಹಂತ. ಸಾವಿನ ಮಾತಾಡಿದರೆ, ಇಷ್ಟದ ವಸ್ತು ಹಂಚತೊಡಗಿದರೆ ಆಟ ಗೀಟ ಎಲ್ಲ ಪಕ್ಕಕ್ಕಿಡಿ. ಒಬ್ಬನನ್ನೇ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮನಸ್ಸಿನ ಆರೋಗ್ಯಕ್ಕೆ ಯಾವ ಆಟ ಒಳ್ಳೆಯದು?

ಮನೆಗೆ ಹತ್ತಿರ ಇರುವುದು.

ಪ್ರಶ್ನೆ: ನನಗೆ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ವಿಪರೀತ ಭಯ, ಎದೆಬಡಿತ) ಆಗುತ್ತದೆ. ಶಟಲ್ ಆಡುವಾಗ ಎದೆ ಹೊಡೆದುಕೊಂಡರೆ ಅಟ್ಯಾಕ್ ಬಂತೇನೋ ಅಂತ ಭಯ. ಆಟ ಬಿಡಲಾ?

ಹೃದಯ ಸರಿಯಿದೆ ಎಂದು ಒಂದು ಸಲ ಪರೀಕ್ಷೆ ಮಾಡಿಸಿ. ಸರಿಯಿದ್ದರೆ ಆಡಿ, ಬಿಡಲೇಬೇಡಿ. ಎದೆ ಜೋರಾಗಿ ಹೊಡೆದುಕೊಂಡರೂ ಏನೂ ಆಗುವುದಿಲ್ಲ ಎಂದು ದೇಹಕ್ಕೆ ಗೊತ್ತಾಗುವುದು ಹೀಗೆ ಆಡಿಯೇ. ನಿಧಾನವಾಗಿ ಶುರು ಮಾಡಿ, ಮಧ್ಯದಲ್ಲಿ ಓಡಿಹೋಗಬೇಡಿ.

ಪ್ರಶ್ನೆ: ಯಜಮಾನರು ದಿನಾ ಕುಡಿಯುತ್ತಾರೆ. ಊಟದಲ್ಲಿ ಬೆರೆಸಲು ಒಬ್ಬರು ಪುಡಿ ಕೊಟ್ಟಿದ್ದಾರೆ. ಭಾನುವಾರ ಕ್ರಿಕೆಟ್‌ಗೂ ಕಳಿಸುತ್ತಿದ್ದೇನೆ.

ಆ ಪುಡಿಯನ್ನು ಈಗಲೇ ಬಿಸಾಡಿ. ಅದರಲ್ಲಿ ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದರ ಮೇಲೆ ಅವರು ಕುಡಿದರೆ, ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಹೇಳದೆ ಕೇಳದೆ ಒಬ್ಬರಿಗೆ ಔಷಧ ಕೊಡುವುದು ಚಿಕಿತ್ಸೆಯಲ್ಲ. ಪುಡಿ ಕೊಟ್ಟವರು ಆ ರಾತ್ರಿ ನಿಮ್ಮ ಜೊತೆ ಆಸ್ಪತ್ರೆಗೆ ಬರುತ್ತಾರಾ? ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದಕ್ಕೂ ವೈದ್ಯರು ಬೇಕು. ಕ್ರಿಕೆಟ್ ಒಳ್ಳೆಯದೇ. ಮ್ಯಾಚ್ ಮುಗಿದ ಮೇಲೆ ತಂಡ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ವಿಚಾರಿಸಿ. ಬಾರ್‌ಗೆ ಹೋಗುವ ತಂಡವಾದರೆ ಬೇರೆ ತಂಡ ಹುಡುಕಿ.

ಪ್ರಶ್ನೆ: ಬೈಪೋಲಾರ್‌ಗೆ (ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ ಬರುವ ಕಾಯಿಲೆ) ಲಿಥಿಯಂ ಮಾತ್ರೆ ತಗೊಳ್ತೇನೆ. ಹಾಫ್ ಮ್ಯಾರಥಾನ್ ಓಡಬಹುದಾ?

ಓಡಬಹುದು, ಆದರೆ ನಿಮ್ಮ ವೈದ್ಯರಿಗೆ ಹೇಳಿಯೇ ತಯಾರಿ ಶುರು ಮಾಡಿ. ಬೆವರಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು. ಕೈ ಜೋರಾಗಿ ನಡುಗಿದರೆ, ವಾಂತಿಯಾದರೆ, ನಡಿಗೆ ತಡವರಿಸಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಬೇಡಿ, ಅದೂ ಲಿಥಿಯಂ ಮಟ್ಟ ಏರಿಸುತ್ತದೆ. ಓಟದ ದೂರ ಹೆಚ್ಚಿಸುವ ಮೊದಲು ಒಂದು ರಕ್ತ ಪರೀಕ್ಷೆ, ಹೆಚ್ಚಿಸಿದ ಮೇಲೆ ಇನ್ನೊಂದು.