ಎರಡು ಕೆಲಸದಲ್ಲೂ ಅಕ್ಕನೇ ಮುಂದು, ಹಾಗಾದರೆ ತಂಗಿ ಯಾಕೆ?

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಂಡ್ಯದ ಹತ್ತಿರದ ಒಂದು ಕೂಡುಕುಟುಂಬ, ಇಬ್ಬರು ಓರಗಿತ್ತಿಯರು; ದೊಡ್ಡವರನ್ನು ಅಕ್ಕ, ಚಿಕ್ಕವರನ್ನು ತಂಗಿ ಅನ್ನೋಣ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ತುಂಬಿಕೊಂಡಾಗ ಜಗಳವಾಗಿ ಮಾತೇ ಬಿಟ್ಟು, ಸಲಹೆಗೆ ಅಂತ ನನ್ನ ಹತ್ತಿರ ಬಂದಿದ್ದರು.

“ಎರಡು ಕೆಲಸನೂ ಅವಳಿಗಿಂತ ಬೇಗ ನಾನೇ ಮಾಡ್ಬುಡ್ತೀನಿ ಮೇಡಂ, ಅವಳಿಂದ ನಂಗೇನು ಉಪಯೋಗ?” ಅಂದರು ದೊಡ್ಡವರು. ಚಿಕ್ಕವರು ತಲೆ ತಗ್ಗಿಸಿ, “ಅಕ್ಕ ಹೇಳೋದು ನಿಜಾನೇ” ಅಂದರು. ಸಿಟ್ಟಿಗಿಂತ ಈ ಒಪ್ಪಿಗೆಯೇ ನನಗೆ ಜಾಸ್ತಿ ಚಿಂತೆ ಹುಟ್ಟಿಸಿತು. ತಾನು ದಂಡ ಅಂತ ಆಕೆ ಒಪ್ಪಿಕೊಂಡೇಬಿಟ್ಟಿದ್ದರು.

ಸಮಾಧಾನ ಹೇಳುವ ಬದಲು ಹಾಳೆ ತೆಗೆದೆ. ಅಕ್ಕನಿಗೆ ಒಂದು ಬ್ಲೌಸ್‌ಗೆ 1 ಗಂಟೆ, ಒಂದು ಕುಚ್ಚಿಗೆ 2 ಗಂಟೆ. ತಂಗಿಗೆ ಒಂದೊಂದಕ್ಕೂ 3 ಗಂಟೆ. ಇಬ್ಬರೂ ಕೂರುವುದು ದಿನಕ್ಕೆ 6 ಗಂಟೆ. ಅಕ್ಕ ಎರಡು ಬ್ಲೌಸ್, ಎರಡು ಕುಚ್ಚು ಮಾಡುತ್ತಿದ್ದರು, ತಂಗಿ ಒಂದೊಂದು. ಒಟ್ಟು 3 ಬ್ಲೌಸ್, 3 ಕುಚ್ಚು.

ಯಾರು ಬೇಗ ಅನ್ನೋದನ್ನ ಬಿಡಿ, ಒಂದು ಕುಚ್ಚು ಕಟ್ಟಲು ಯಾರು ಎಷ್ಟು ಬ್ಲೌಸ್ ಬಿಡಬೇಕು ಹೇಳಿ ಅಂದೆ. ಅಕ್ಕ ಬಿಡಬೇಕಾದ್ದು ಎರಡು, ತಂಗಿ ಬಿಡಬೇಕಾದ್ದು ಒಂದೇ. ಪಿಯುಸಿ ಅರ್ಥಶಾಸ್ತ್ರದಲ್ಲಿ ಇದನ್ನೇ ಅವಕಾಶ ವೆಚ್ಚ ಅನ್ನುತ್ತಾರೆ. ಅಂದರೆ ಕುಚ್ಚು ತಂಗಿಯ ಕೈಯಲ್ಲೇ ಅಗ್ಗ, ಆಕೆ ನಿಧಾನವಾಗಿದ್ದರೂ! ತಂಗಿ ಬರೀ ಕುಚ್ಚು ಕಟ್ಟಿದರೆ 2 ಆಗುತ್ತೆ. ಅಕ್ಕ ಒಂದು ಕುಚ್ಚು ಕಟ್ಟಿ, ಉಳಿದ 4 ಗಂಟೆ ಬ್ಲೌಸ್ ಹೊಲಿದರೆ 4. ಈಗ 4 ಬ್ಲೌಸ್, 3 ಕುಚ್ಚು. ಒಂದು ನಿಮಿಷವೂ ಹೆಚ್ಚು ದುಡಿಯದೆ ಒಂದು ಬ್ಲೌಸ್ ಜಾಸ್ತಿ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ದೇಶಗಳ ಬಗ್ಗೆ ಹೇಳಿದ್ದೂ ಇದೇ: ಅವರ ಉದಾಹರಣೆಯಲ್ಲಿ ಬಟ್ಟೆ, ವೈನ್ ಎರಡನ್ನೂ ಪೋರ್ಚುಗಲ್ ಕಡಿಮೆ ಜನರಿಂದ ಮಾಡಿಸುತ್ತೆ, ಆದರೂ ಬಟ್ಟೆಯನ್ನು ಇಂಗ್ಲೆಂಡಿಗೆ ಬಿಟ್ಟರೆ ಇಬ್ಬರಿಗೂ ಲಾಭ.

ಅಕ್ಕ ಇನ್ನೊಮ್ಮೆ ಕೂಡಿಸಿ ನೋಡಿದರು. ಆಮೇಲೆ, “ಮಿಷನ್ ತಂದಿದ್ದು ನನ್ನ ಚೀಟಿ ದುಡ್ಡಲ್ಲಿ” ಅಂದರು. ಅದು ಆಗಿಹೋದ ಖರ್ಚು, ಇವತ್ತು ಯಾರು ಏನು ಮಾಡಬೇಕು ಅನ್ನೋ ಲೆಕ್ಕಕ್ಕೆ ಬರಲ್ಲ, ಬೇಕಿದ್ದರೆ ತಿಂಗಳಿಗಿಷ್ಟು ಬಾಡಿಗೆ ಅಂತ ಬೇರೆ ಹಿಡಿಯಿರಿ ಅಂದೆ.

ಆದರೆ ನಿಜವಾದ ಗಂಟು ದುಡ್ಡು ಹಂಚೋದರಲ್ಲಿತ್ತು. ಯಾರು ಏನು ಮಾಡಬೇಕು ಅಂತ ಈ ಲೆಕ್ಕ ಹೇಳುತ್ತೆ, ಲಾಭ ಯಾರಿಗೆಷ್ಟು ಅಂತ ಹೇಳಲ್ಲ. ಎರಡು ಗಡಿ ಮಾತ್ರ ತೋರಿಸುತ್ತೆ. ಒಂದು ಕುಚ್ಚಿಗೆ ಒಂದು ಬ್ಲೌಸಿನ ಕೂಲಿಗಿಂತ ಕಡಿಮೆ ಕೊಟ್ಟರೆ ತಂಗಿ ಸುಮ್ನೆ ಬ್ಲೌಸ್ ಹೊಲಿಯೋದೇ ಮೇಲು, ಎರಡಕ್ಕಿಂತ ಜಾಸ್ತಿ ಕೇಳಿದರೆ ಅಕ್ಕ ತಾವೇ ಕಟ್ಟಿಕೊಳ್ಳೋದು ಮೇಲು. ನಡುವೆ ಎಲ್ಲಿ ನಿಲ್ಲಬೇಕು ಅನ್ನೋದು ನೀವಿಬ್ಬರೂ ಮಾತಾಡಿ ತೀರ್ಮಾನಿಸಬೇಕಾದ್ದು, ಮಾತು ಬಿಟ್ಟು ಕೂತರೆ ಆಗಲ್ಲ ಅಂದೆ. ಒಂದೂವರೆ ಬ್ಲೌಸಿನ ಕೂಲಿಗೆ ಒಪ್ಪಿದರು.

ತಂಗಿಗೆ ಬೇರೆಯಾಗಿ ಇನ್ನೊಂದು ಸಲಹೆ ಕೊಟ್ಟೆ: ಬ್ಲೌಸ್ ಕಲಿಯೋದನ್ನ ಬಿಡಬೇಡಿ, ಕೈ ಚುರುಕಾದರೆ ಲೆಕ್ಕವೇ ಬದಲಾಗುತ್ತೆ, ಆಗ ಹೊಸದಾಗಿ ಹಾಕಿಕೊಳ್ಳಿ. ನಿಮ್ಮ ಹೆಸರಲ್ಲಿ ಬ್ಯಾಂಕ್ ಖಾತೆಯೂ ಇರಲಿ. ಖಾತೆಯ ಮಾತಿಗೆ ಮನೆಯ ಗಂಡಸರು ಇನ್ನೂ ಒಪ್ಪಿಲ್ಲ, ಮುಂದಿನ ಸಲ ಅವರನ್ನೂ ಕರೆದಿದ್ದೇನೆ.