ಗುಣವಾಯಿತಲ್ಲ, ಮಾತ್ರೆ ಇನ್ನೂ ಯಾಕೆ?

ಪ್ರಶ್ನೆ: ತಮ್ಮನಿಗೆ 22 ವರ್ಷ. ಕಿವಿಯಲ್ಲಿ ಯಾರೋ ಬೈಯುತ್ತಾರೆ ಎನ್ನುತ್ತಿದ್ದ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ, ದೈವಕ್ಕೆ ಹರಕೆ ಹೇಳಿ ಎಂಟು ತಿಂಗಳು ಕಳೆಯಿತು. ವೈದ್ಯರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಅನುಮಾನ ಹುಟ್ಟಿಸುವ ಮನೋರೋಗ) ಎಂದರು. ಐದು ತಿಂಗಳಿಂದ ಅದಕ್ಕೆ ರಿಸ್ಪೆರಿಡೋನ್ ಮಾತ್ರೆ ಕೊಡುತ್ತಿದ್ದೇವೆ, ಚೆನ್ನಾಗಿದ್ದಾನೆ. ನಿಲ್ಲಿಸಬಹುದೇ? – ಓದುಗರು, ಕಾಪು

ಉತ್ತರ: ಈಗಲೇ ಬೇಡ. ಹರಕೆ ತೀರಿಸಿ, ಅದಕ್ಕೂ ಮಾತ್ರೆಗೂ ಜಗಳವಿಲ್ಲ. ಆದರೆ ಚಿಕಿತ್ಸೆಯಿಲ್ಲದೆ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಚೇತರಿಕೆ ಕಷ್ಟ. ಮೊದಲ ಸಲದ ಕಾಯಿಲೆಗೂ, ಲಕ್ಷಣ ಇಳಿದ ಮೇಲೆ ಕನಿಷ್ಠ ಒಂದೆರಡು ವರ್ಷ ಔಷಧಿ ಮುಂದುವರಿಸುವುದು ರೂಢಿ. ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮೋಸವಾಗುವುದು ಅಲ್ಲೇ. ವಾರಗಳೋ ತಿಂಗಳುಗಳೋ ಕಳೆದು ಕಾಯಿಲೆ ಮರುಕಳಿಸಬಹುದು, ಆಗ ಹಳೆಯ ಡೋಸ್ ಸಾಲದೆಯೂ ಹೋಗಬಹುದು.

ಹುಡುಗರು ಗುಟ್ಟಾಗಿ ಮಾತ್ರೆ ಬಿಡಲು ಕಾರಣಗಳಿರುತ್ತವೆ: ಮಾತ್ರೆಯಿಂದ ಬರುವ ಕೈನಡುಕ, ಮೈ ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ, ತೂಕ ಏರುವುದು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸುವುದರಿಂದ ಲೈಂಗಿಕ ಆಸಕ್ತಿಯೂ ತಗ್ಗಬಹುದು. ಅದನ್ನು ತಮ್ಮ ನಿಮ್ಮೆದುರು ಹೇಳಲಾರ, ವೈದ್ಯರೊಡನೆ ಒಬ್ಬನೇ ಮಾತಾಡಲಿ. ಅವರು ಡೋಸ್ ತಗ್ಗಿಸಬಹುದು, ಔಷಧಿ ಬದಲಿಸಬಹುದು. ದಿನವೂ ನುಂಗುವುದೇ ತಲೆನೋವಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಆಗಾಗ ಪರೀಕ್ಷಿಸಿ.

ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ, ಊಟದ ಮೇಲೆ ಅನುಮಾನ ಪಟ್ಟರೆ, ಬಾಗಿಲು ಹಾಕಿಕೊಂಡು ಕೂತರೆ ಮುಂದಿನ ತಾರೀಕಿಗೆ ಕಾಯದೆ ಕರೆದೊಯ್ಯಿರಿ. ಗಾಂಜಾ ಅಂತೂ ಕೂಡದು. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹೊತ್ತಲ್ಲದ ಹೊತ್ತಲ್ಲೂ ಉಚಿತವಾಗಿ ಕರೆ ಮಾಡಬಹುದು.