ಕಾವ್ಯನಾಮದ ಮರೆಯಲ್ಲಿ ಒಬ್ಬರಿಗಷ್ಟೇ ಜಾಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಲಹಾರ್ಥಿಯ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು ಮತ್ತು ನೆಂಟಸ್ತಿಕೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮುಂದೆ ಬರುವ ಸೀರೆಯೂ ನಿಜದ ವಸ್ತುವೊಂದರ ಬದಲಿಗೆ ನಾನು ಇಟ್ಟದ್ದು. ಇಂಥ ಬರಹಗಳಲ್ಲಿ ಸಲಹಾರ್ಥಿಗೆ ಕಲ್ಪಿತ ಹೆಸರು ಕೊಡುವುದು ರೂಢಿ. ಯಾವ ಹೆಸರಿಡಲಿ ಎಂದು ಕೇಳಿದಾಗ, "ಇರುವ ಎರಡು ಹೆಸರಿನಲ್ಲೇ ಸಾಕಾಗಿದೆ ಮೇಡಂ, ಮೂರನೆಯದು ಬೇಡ" ಎಂದರು. ಆದ್ದರಿಂದ ಲೇಖಕಿ ಎಂದಷ್ಟೇ ಕರೆಯುತ್ತೇನೆ.

ಲೇಖಕಿಗೆ ನಲವತ್ತು ದಾಟಿದೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಹತ್ತು ವರ್ಷಗಳಿಂದ ಬೇರೆ ಹೆಸರಿನಲ್ಲಿ ಸಣ್ಣಕತೆಗಳನ್ನು ಬರೆಯುತ್ತಿದ್ದಾರೆ. ಸಂಭಾವನೆ ಬ್ಯಾಂಕ್ ಖಾತೆಗೆ ಬರುವುದರಿಂದ ಗಂಡನಿಗೆ ವಿಷಯ ಗೊತ್ತು. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಮೊದಲ ಭೇಟಿಯಲ್ಲಿ ಅವರು ಕುಳಿತ ಕೂಡಲೇ ಕೇಳಿದ ಪ್ರಶ್ನೆ, "ಆ ಹೆಸರನ್ನು ಸಾಯಿಸಿಬಿಡಲೇ?" ಎಂಬುದು. ಮೂರು ವಾರಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಪರಿಚಯವಿಲ್ಲದ ನಂಬರಿನಿಂದ ಕರೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕತೆಗಳ ನೋಟ್‌ಬುಕ್ಕುಗಳನ್ನು ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ತೆಗೆದು ಬಚ್ಚಲೊಲೆಗೆ ಹಾಕಲು ಎರಡು ಸಲ ಹೋಗಿ ಮರಳಿದ್ದರು. ಹೆಸರನ್ನು ಸಾಯಿಸುವ ಮಾತು ಬಂದಾಗ ತಮ್ಮ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆಯೇನಾದರೂ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಇಂಥ ಕಡೆ ಸುತ್ತಿಬಳಸುವುದು ಸರಿಯಲ್ಲ. ಅಂಥದ್ದೇನೂ ಇರಲಿಲ್ಲ. ನಿದ್ರೆ ಇನ್ನೆರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಮೊದಲೇ ಮಾತು ಮಾಡಿಕೊಂಡೆವು.

ನಡೆದದ್ದು ಇಷ್ಟು. ಅವರ ಅತ್ತೆಯ ತಂಗಿ ಮದುವೆಯಾದ ವರ್ಷದೊಳಗೆ ಗಂಡ ಬಿಟ್ಟದ್ದರಿಂದ ಅಕ್ಕನ ಮನೆಯಲ್ಲೇ ಉಳಿದವರು, ಎಲ್ಲರಿಗೂ ಚಿಕ್ಕಮ್ಮ. ಪ್ರತಿ ದೀಪಾವಳಿಗೆ ಟ್ರಂಕಿನಿಂದ ಒಂದು ಸೀರೆ ತೆಗೆದು, ಬಿಸಿಲಿಗೆ ಹಾಕಿ, ಮಡಿಕೆ ಬದಲಿಸಿ, ಉಡದೆ ಮತ್ತೆ ಒಳಗಿಡುವುದು ಅವರ ಪದ್ಧತಿ. ಲೇಖಕಿಯ ಒಂದು ಕತೆಯಲ್ಲಿ ಹೆಸರು, ಊರು, ಜಾತಿ ಎಲ್ಲವೂ ಬದಲಾಗಿದ್ದವು. ಆ ಸೀರೆ ಮಾತ್ರ ಇದ್ದ ಹಾಗೇ ಬಂದಿತ್ತು. ಗೌರಿಹಬ್ಬದ ಊಟದ ಹೊತ್ತಿಗೆ ನಾದಿನಿ ವಾರಪತ್ರಿಕೆ ಹಿಡಿದು, "ಅತ್ತಿಗೆ, ಇದು ನಮ್ಮ ಚಿಕ್ಕಮ್ಮನ ಟ್ರಂಕಿನ ಸೀರೆಯೇ ಅಲ್ವಾ? ಯಾರು ಬರೆದಿರಬಹುದು?" ಎಂದಳು. ಲೇಖಕಿ, "ಅಂಥ ಟ್ರಂಕು ಊರಿಗೆ ಹತ್ತಿರುತ್ತವೆ" ಎಂದುಬಿಟ್ಟರು. ಅನ್ನ ಬಡಿಸುತ್ತಿದ್ದ ಚಿಕ್ಕಮ್ಮ ಏನೂ ಹೇಳಲಿಲ್ಲ. ಅದೇ ತಿಂಗಳು ಪ್ರಕಾಶಕರೊಬ್ಬರು ಹನ್ನೆರಡು ಕತೆಗಳ ಸಂಕಲನ ತರುತ್ತೇವೆ, ಬೆನ್ನುಪುಟಕ್ಕೆ ಫೋಟೋ ಮತ್ತು ನಿಜನಾಮ ಕೊಡಿ ಎಂದು ಕೇಳಿದರು. "ಹೇಳಿಬಿಡು, ಏನಾಗುತ್ತದೆ" ಎಂಬುದು ಗಂಡನ ನಿಲುವು. ಕಳಕಳಿಯಿಂದ ಹೇಳಿದ ಮಾತೇ ಅದು. ಆದರೆ ಏನಾಗುತ್ತದೆ ಎಂಬುದನ್ನು ಅನುಭವಿಸಬೇಕಾದವರು ಅವರಲ್ಲ.

ಬೇರೆ ಹೆಸರಿನ ಹಿಂದೆ ಹಳೆಯ ಗಾಯವೊಂದಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ವಂತ ಹೆಸರಿನಿಂದ ಅಚ್ಚಾದ ಮೊದಲ ಕತೆಯನ್ನು ನೋಡಿ ತಂದೆ, "ಹೆಣ್ಣುಮಗಳ ಹೆಸರು ಲಗ್ನಪತ್ರಿಕೆಯಲ್ಲಿ ಅಚ್ಚಾದರೆ ಸಾಕು" ಎಂದಿದ್ದರಂತೆ. ಆಮೇಲೆ ಹನ್ನೆರಡು ವರ್ಷ ಒಂದು ಸಾಲೂ ಬರೆಯಲಿಲ್ಲ. ಮತ್ತೆ ಬರೆಯಲು ಧೈರ್ಯ ಬಂದದ್ದು ಹೆಸರು ಬದಲಾದ ಮೇಲೆ.

ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಅವರ ಅಳುಕನ್ನು ಕಡಿಮೆ ಮಾಡುವ ಉತ್ಸಾಹದಲ್ಲಿ ಕನ್ನಡದ ಪರಂಪರೆಯನ್ನೇ ಮುಂದೆ ಹರಡಿದೆ: ಮಾಸ್ತಿಯವರು 'ಶ್ರೀನಿವಾಸ' ಎಂದು ಬರೆದದ್ದು, ಅನಸೂಯಾ ಶಂಕರ್ ಅವರು 'ತ್ರಿವೇಣಿ'ಯಾಗಿ ಹೆಣ್ಣಿನ ಮನಸ್ಸಿನ ಒಳಗನ್ನು ಕಾದಂಬರಿಗೆ ತಂದು 1963ರಲ್ಲಿ ಕಿರಿಯ ವಯಸ್ಸಿನಲ್ಲೇ ತೀರಿಕೊಂಡದ್ದು, ಕುಳಕುಂದ ಶಿವರಾಯರು 'ನಿರಂಜನ'ರಾದದ್ದು, ರಾಯಸಂ ಭೀಮಸೇನರಾಯರು 'ಬೀಚಿ'ಯಾದದ್ದು. ಎಲ್ಲವನ್ನೂ ಕೇಳಿಸಿಕೊಂಡು ಅವರು, ತರಗತಿಯಲ್ಲಿ ತಪ್ಪು ತಿದ್ದುವ ಧಾಟಿಯಲ್ಲೇ, "ಇವೆಲ್ಲ ಕಾವ್ಯನಾಮ ಮೇಡಂ, ಗುಪ್ತನಾಮ ಅಲ್ಲ. ಕುವೆಂಪು ಎಂದರೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವರು ಯಾರೂ ಅಡಗಿಕೊಳ್ಳಲಿಲ್ಲ. ನಾನು ಅಡಗಿಕೊಂಡಿದ್ದೇನೆ" ಎಂದರು.

ಆ ವ್ಯತ್ಯಾಸ ನನಗೆ ಅದುವರೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಇನ್ನೊಂದು ಹೆಸರು ಇಟ್ಟುಕೊಳ್ಳುವುದು ಬಹುಮಟ್ಟಿಗೆ ಅಲಂಕಾರ, ಇಲ್ಲವೇ ಸಂಕೋಚ. ವಚನಕಾರರ ಮತ್ತು ದಾಸರ ಅಂಕಿತವಂತೂ ಇಷ್ಟದೈವದ ಹೆಸರು. ಅಲ್ಲಿ ಬಚ್ಚಿಡುವ ಮಾತೇ ಇಲ್ಲ. ನಿಜಕ್ಕೂ ಅಡಗಿದವರನ್ನು ಹುಡುಕಿದರೆ ನೆನಪಾಗುವುದು ಮುದ್ದಣ: ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ರಾಮಾಶ್ವಮೇಧವನ್ನು ತಮ್ಮದೆಂದು ಹೇಳಿಕೊಳ್ಳದೆ, ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿಕೊಟ್ಟರು, 1901ರಲ್ಲಿ ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ ಕರ್ತೃ ಯಾರೆಂಬುದು ಖಚಿತವಾಯಿತು. "ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಾಠ ಮಾಡುವಾಗಲೆಲ್ಲ ನನಗೆ ಒಂಥರಾ ಆಗುತ್ತದೆ" ಎಂದರು ಲೇಖಕಿ. ಅವರಿಗೆ ಇನ್ನೂ ಹತ್ತಿರದ ಉದಾಹರಣೆ ವೈದೇಹಿಯವರದು. ಸುಧಾ ವಾರಪತ್ರಿಕೆಗೆ ಮೊದಲ ಕತೆ ಕಳಿಸಿದ ಮೇಲೆ, ಅದರಲ್ಲಿ ನಿಜಜೀವನದ ಸಂಗತಿ ಇದೆಯೆಂದು ಪ್ರಕಟಿಸಬೇಡಿರೆಂದು ಕೇಳಿಕೊಂಡಾಗ, ಸಂಪಾದಕರೇ ಆ ಹೆಸರಿಟ್ಟು ಅಚ್ಚು ಹಾಕಿದರು ಎಂಬುದು ಸಾಹಿತ್ಯಾಸಕ್ತರು ಬಲ್ಲ ಸಂಗತಿ. ನಿಜದ ಎಳೆಯಿರುವ ಕತೆ, ಅಳುಕು, ಅದರ ಮೇಲೆ ಒಂದು ಹೊಸ ಹೆಸರು: ನಮ್ಮ ಪ್ರಕರಣದ ಮೂರೂ ಅಂಶಗಳು ಅಲ್ಲಿದ್ದವು.

ಮೂರನೆಯ ಭೇಟಿಗೆ ಬರುವಾಗ ಒಂದು ಹಾಳೆಯಲ್ಲಿ, ಆ ಹೆಸರು ಹತ್ತು ವರ್ಷದಲ್ಲಿ ಯಾರನ್ನು ಯಾರಿಂದ ಕಾಪಾಡಿತು ಎಂದು ಬರೆದುಕೊಂಡು ಬರಲು ಹೇಳಿದ್ದೆ. ಪಟ್ಟಿ ಉದ್ದವಾಗಿತ್ತು. ತಂದೆಯಿಂದ, ಅತ್ತೆಯಿಂದ, ಶಾಲೆಯ ಆಡಳಿತ ಮಂಡಳಿಯಿಂದ, "ಟೀಚರ್, ಇದು ನೀವೇನಾ" ಎಂದು ಕೇಳಬಹುದಾದ ಮಕ್ಕಳಿಂದ. ಕಾಪಾಡಲ್ಪಟ್ಟವರ ಕಡೆ ಮಾತ್ರ ಪ್ರತಿ ಸಾಲಿನಲ್ಲೂ ಒಂದೇ ಪದ: ನನ್ನನ್ನು. "ಚಿಕ್ಕಮ್ಮ ಯಾವ ಸಾಲಿನಲ್ಲಿದ್ದಾರೆ?" ಎಂದು ಕೇಳಿದೆ. ಅವರು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದರು.

ನನ್ನ ಅಭಿಪ್ರಾಯದಲ್ಲಿ ಪ್ರಕರಣದ ತಿರುಳು ಇದೇ. ಲೇಖಕಿಯ ಒಳಗೆ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು, ಸಿಕ್ಕಿಬೀಳುವ ಭಯ. ಅದು ತಂದೆಯ ಮಾತಿನಷ್ಟು ಹಳೆಯದು, ಮತ್ತು ಅದಕ್ಕೆ ಕಾವ್ಯನಾಮ ಒಳ್ಳೆಯ ಔಷಧವೇ ಆಗಿತ್ತು. ಇನ್ನೊಂದು, ಮನೆಯ ಒಬ್ಬ ಹೆಂಗಸಿನ ಖಾಸಗಿ ನೋವನ್ನು ಕೇಳದೆ ತೆಗೆದುಕೊಂಡೆನೆಂಬ ತಪ್ಪಿತಸ್ಥ ಭಾವ. ಇದಕ್ಕೆ ಬರೆದವರ ಹೆಸರು ಮರೆಯಾಗಿರುವುದರಿಂದ ಏನೂ ಉಪಯೋಗವಿಲ್ಲ, ಏಕೆಂದರೆ ಕತೆಯೊಳಗೆ ಬಂದವರಿಗೆ ಕಾವ್ಯನಾಮ ಇಟ್ಟುಕೊಳ್ಳುವ ಅವಕಾಶವೇ ಇರುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದಾಗ ಹೆಸರನ್ನು ಕೊಲ್ಲುವುದೋ ಬಯಲು ಮಾಡುವುದೋ ಎಂಬ ಎರಡೇ ದಾರಿ ಕಾಣುತ್ತವೆ. ಎರಡರಲ್ಲೂ ಚಿಕ್ಕಮ್ಮನ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ.

ಆದ್ದರಿಂದ ನಾನು ಕೊಟ್ಟ ಸಲಹೆ ಹೀಗಿತ್ತು. ನೋಟ್‌ಬುಕ್ಕುಗಳನ್ನು ಗಂಡನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿ. ನಿದ್ರೆ ಸರಿಹೋಗುವವರೆಗೆ ಸುಡುವ ತೀರ್ಮಾನವೂ ಬೇಡ, ಪ್ರಕಟಿಸುವ ತೀರ್ಮಾನವೂ ಬೇಡ. ಪ್ರಕಾಶಕರಿಂದ ಎರಡು ತಿಂಗಳ ಸಮಯ ಕೇಳಿ. ನಾದಿನಿ, ಅತ್ತೆ, ಶಾಲೆ ಇವರೆಲ್ಲ ಆಮೇಲಿನವರು. ಯಾರಿಗಾದರೂ ಹೇಳುವುದಾದರೆ ಮೊದಲು ಚಿಕ್ಕಮ್ಮನಿಗೆ, ಅದೂ ಇಬ್ಬರೇ ಇರುವಾಗ. ಕ್ಷಮಿಸಿ ಎಂದು ಕೇಳುವ ಆತುರ ಬೇಡ. ಹಾಗೆ ಕೇಳಿದರೆ ಹಿರಿಯರು "ಹೋಗ್ಲಿ ಬಿಡು" ಎನ್ನಲೇಬೇಕಾಗುತ್ತದೆ, ಆಗ ಅವರ ಮನಸ್ಸಿನಲ್ಲಿರುವುದು ಹೊರಬರುವುದಿಲ್ಲ. ಬರೆದದ್ದು ನಾನು ಎಂದಷ್ಟೇ ಹೇಳಿ, ಸುಮ್ಮನೆ ಕುಳಿತುಕೊಳ್ಳಿ. ಅವರು ಬೇಡವೆಂದದ್ದನ್ನು ಒಪ್ಪಿಕೊಳ್ಳುವ ಸಿದ್ಧತೆ ಇಲ್ಲದಿದ್ದರೆ ಕೇಳಲು ಹೋಗಲೇಬೇಡಿ.

ವ್ಯವಹಾರದ ಕಡೆಯೂ ಅವರಿಗೆ ಅನಗತ್ಯ ಭಯಗಳಿದ್ದವು. ನಾನು ವಕೀಲೆಯಲ್ಲವಾದರೂ ತಿಳಿದಷ್ಟನ್ನು ಹೇಳಿದೆ. ಬೇರೆ ಹೆಸರಿನಲ್ಲಿ ಬರೆದ ಮಾತ್ರಕ್ಕೆ ಕೃತಿಯ ಹಕ್ಕು ಕೈತಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಗುಪ್ತನಾಮದ ಕೃತಿಗೆ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆಯಿದೆ; ಆ ಅವಧಿಯೊಳಗೆ ಲೇಖಕರು ಯಾರೆಂದು ಬಹಿರಂಗವಾದರೆ, ಉಳಿದ ಕೃತಿಗಳಂತೆಯೇ ಲೇಖಕರ ಮರಣಾನಂತರದ 60 ವರ್ಷ ಅನ್ವಯಿಸುತ್ತದೆ. ಒಪ್ಪಂದಪತ್ರ, ಪ್ಯಾನ್, ಬ್ಯಾಂಕ್ ಖಾತೆ ನಿಜನಾಮದಲ್ಲೇ ಇರಲಿ. ಲಿಖಿತ ಅನುಮತಿಯಿಲ್ಲದೆ ಗುರುತು ಹೊರಗೆಡಹುವಂತಿಲ್ಲ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿ. ಕೈಬರಹದ ಕರಡುಗಳನ್ನು ತಾರೀಖು ಹಾಕಿ ಜೋಪಾನ ಮಾಡಿ, ನಾಳೆ ಕತೆ ತಮ್ಮದೆಂದು ಬೇರೊಬ್ಬರು ಹೇಳಿದರೆ ಸಾಕ್ಷಿ ಅದೇ. ಈ ಕರಡಿನ ಮಾತು ಅವರಿಗೆ ಬೇರೆ ರೀತಿಯಲ್ಲೂ ಹಿಡಿಸಿತು: ಸುಡದಿರಲು ಒಂದು ಕಾರಣ ಸಿಕ್ಕಂತಾಯಿತು.

ನಾಲ್ಕನೆಯ ಭೇಟಿಗೆ ಬರುವ ಹೊತ್ತಿಗೆ ನಿದ್ರೆ ಸುಮಾರಾಗಿ ಮರಳಿತ್ತು, ಚಿಕ್ಕಮ್ಮನೊಂದಿಗೆ ಮಾತೂ ಆಗಿತ್ತು. ಹಿತ್ತಿಲಿನಲ್ಲಿ ಅಡಿಕೆ ಸುಲಿಯುವಾಗ ಹೇಳಿದರಂತೆ. ಚಿಕ್ಕಮ್ಮನಿಗೆ ಆಶ್ಚರ್ಯವಾಗಲಿಲ್ಲ, ಆ ಸೀರೆಯನ್ನು ನೋಡಿದವರು ಮನೆಯಲ್ಲಿ ನಾಲ್ಕೇ ಜನ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕತೆಯ ಕೊನೆಯಲ್ಲಿ ಆ ಹೆಂಗಸು ಮುದಿಗಂಡನನ್ನು ಕ್ಷಮಿಸಿ ಸೀರೆ ಉಡುತ್ತಾಳೆ. "ನಾನು ಕ್ಷಮಿಸಿಲ್ಲ. ನನ್ನ ಪರವಾಗಿ ನೀನು ಯಾಕೆ ಕ್ಷಮಿಸಿದೆ?" ಎಂದು ಕೇಳಿದರಂತೆ. ನಾನಿರುವವರೆಗೆ ಅದು ಪುಸ್ತಕದಲ್ಲಿ ಬರುವುದು ಬೇಡ, ಎಂದೂ ಹೇಳಿದರು.

ಅದು ಅವರ ಅತ್ಯುತ್ತಮ ಕತೆ. ಬಿಡುವುದು ಸುಲಭವಾಗಿರಲಿಲ್ಲ, ಕೊನೆಯನ್ನು ಬದಲಿಸಿ ಸೇರಿಸಬಹುದೇ ಎಂದು ನನ್ನ ಮುಂದೆ ಎರಡು ಸಲ ಚೌಕಾಸಿ ಮಾಡಿದರು, ಒಮ್ಮೆ ಅತ್ತರು. ನಾನು ಆ ಚೌಕಾಸಿಯಲ್ಲಿ ಪಾಲುಗೊಳ್ಳಲಿಲ್ಲ. ಕೊನೆಗೆ ಸಂಕಲನ ಹನ್ನೊಂದು ಕತೆಗಳೊಂದಿಗೆ, ಕಾವ್ಯನಾಮದಲ್ಲೇ, ಫೋಟೋ ಇಲ್ಲದೆ ಅಚ್ಚಿಗೆ ಹೋಯಿತು. ನಾದಿನಿಗೆ ಇನ್ನೂ ಹೇಳಿಲ್ಲ. ಹೇಳಬೇಕೆಂದು ನಾನು ಒತ್ತಾಯಿಸಲೂ ಇಲ್ಲ. ನಾದಿನಿಯ ಕುತೂಹಲ ಒಂದು ಹಕ್ಕಲ್ಲ.

ಈ ಬರಹದ ಕರಡನ್ನು ಲೇಖಕಿಗೆ ಓದಲು ಕೊಟ್ಟಾಗ ಅವರು ಎರಡು ವಿವರಗಳನ್ನು ಹೊಡೆದುಹಾಕಿ ಹಿಂದಿರುಗಿಸುತ್ತಾ, "ಚಿಕ್ಕಮ್ಮನನ್ನು ಕೇಳಿದಿರಾ ಮೇಡಂ?" ಎಂದರು. ಕೇಳಿರಲಿಲ್ಲ. ಸಲಹಾರ್ಥಿಯ ಸಹಿ ಇದ್ದರೆ ಸಾಕೆಂದುಕೊಂಡಿದ್ದೆ. ಕರಡು ಆ ಮನೆಗೆ ಹೋಗಿ ಹದಿನೈದು ದಿನವಿದ್ದು ಬಂತು. ಚಿಕ್ಕಮ್ಮ ಒಂದು ಸಾಲು ತೆಗೆಸಿದ್ದರು, ಒಂದು ಸೇರಿಸಿದ್ದರು. ಸೇರಿಸಿದ್ದು ಕ್ಷಮಿಸಿಲ್ಲ ಎಂಬ ಮಾತು. ನಾನು ಅದನ್ನು ಮೊದಲು ಮೆದುಗೊಳಿಸಿ ಬರೆದಿದ್ದೆ.